ಸೊಂಟಕ್ಕೆ ಕಟ್ಟಿದ ಸುಳ್ಳು

ಮಾನ್ಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಕಾಲದಲ್ಲಿ ಅರ್ಧ ಘಳಿಗೆಯನ್ನು ಈ ಅಲ್ಪನ ಅಹವಾಲಿಗೆ ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ. ನಾನು ಒಂದು ಹೆಜ್ಜೆಮಾಪಕ. ಬೆಂಕಿಪೊಟ್ಟಣದಷ್ಟು ಗಾತ್ರ, ಒಡಲಲ್ಲಿ ಸ್ಪ್ರಿಂಗಿಗೆ ತೂಗುವ ಒಂದು ಕಡ್ಡಿ. ಕಟ್ಟಿಕೊಂಡವರ ಸೊಂಟ ಕುಲುಕಿದರೆ ಕಡ್ಡಿ ಕುಣಿಯುತ್ತದೆ, ಅಂಕಿ ಒಂದು ಏರುತ್ತದೆ. ನಾನು ಬಲ್ಲ ವಿದ್ಯೆ ಅಷ್ಟೇ. ಹುಟ್ಟಿಸಿದ ಕಾರ್ಖಾನೆಯವರು ಮಾತ್ರ ನನ್ನನ್ನು ಶ್ರಮದ ನಿಖರ ಸಾಕ್ಷಿಯೆಂದು ಸಾರಿದರು.

ಎರಡು ವರ್ಷ ಕಾಲೇಜಿನ ಹುಡುಗರ ಸೊಂಟದಲ್ಲಿ ಮೆರೆದೆ. ಅನಂತರ ಶರ್ವಾಣಿ ಎಂಬ ಸಂಶೋಧಕಿ ನನ್ನನ್ನು ಹರಿಹರದಾಚೆಯ ಇಟ್ಟಿಗೆ ಭಟ್ಟಿಗೆ ಕರೆತಂದರು. ದುಡಿಯುವವರು ದಿನಕ್ಕೆಷ್ಟು ಶಕ್ತಿ ವ್ಯಯಿಸುತ್ತಾರೆ, ಅದನ್ನು ಅಳೆಯುವ ವಿಧಾನಗಳಲ್ಲಿ ಯಾವುದು ನಂಬಲರ್ಹ ಎಂಬುದು ಅವರ ಅಧ್ಯಯನ. ಹೆಚ್ಚು ದುಡಿಯುವವರೆಂದು ಅಳತೆ ತೋರಿಸಿದವರಿಗೆ ಮಧ್ಯಾಹ್ನದ ಊಟ ತನ್ನ ಖರ್ಚಿನಲ್ಲೆಂದು ಭಟ್ಟಿಯ ಸಾವ್ಕಾರ ಮಾತು ಕೊಟ್ಟಿದ್ದ. ಇಟ್ಟಿಗೆ ಹೊರುವ ಹನ್ನೆರಡು ಹೆಂಗಸರಿಗೆ ಆ ಊಟ ಬೇಕಿತ್ತು. ನಸುಕಿನಲ್ಲಿ ತಿಂದ ರೊಟ್ಟಿ ಹತ್ತು ಗಂಟೆಗೇ ಕರಗಿಹೋಗುತ್ತಿತ್ತು.

ಅವರಲ್ಲಿ ಹಿರಿಯಳಾದ ಕೊಟ್ರವ್ವನನ್ನು ಶರ್ವಾಣಿ ಮೊದಲು ಪ್ರಶ್ನಾವಳಿ ಹಿಡಿದು ಕೇಳಿದರು: "ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತೀರಮ್ಮಾ?"

"ಗಡಿಯಾರ ಯಾರು ನೋಡ್ಯಾರ್ರೀ ಮೇಡಮ್ಮಾರೆ? ಬೆವರು ಯಾವಾಗ ಆರತೈತಿ ಕೇಳ್ರಿ, ಹೇಳ್ತೀನಿ."

ಆಮೇಲೆ ನನ್ನ ಸರದಿ. ದಿನವಿಡೀ ಹೊತ್ತ ಕೊಟ್ರವ್ವನಿಗೆ ನಾನು ಕೊಟ್ಟದ್ದು ಎರಡು ಸಾವಿರ ಹೆಜ್ಜೆ. ಮರುದಿನ ನನ್ನನ್ನು ಕಟ್ಟಿಕೊಂಡು ಮೊಪೆಡ್ಡಿನ ಮೇಲೆ ಗಡಗಡನೆ ಭಟ್ಟಿ ಸುತ್ತಿದ ಮೇಸ್ತ್ರಿ ಹಾಲಪ್ಪನಿಗೆ ಹದಿನೆಂಟು ಸಾವಿರ! ಧಿಕ್ಕಾರವಿರಲಿ ನನ್ನ ಜನ್ಮಕ್ಕೆ.

"ನಡುವೆ ಬಿಚ್ಚಿ ಇಟ್ಟಿದ್ರೇನಮ್ಮಾ?" ಎಂದರು ಶರ್ವಾಣಿ.

ಕೊಟ್ರವ್ವನ ಮುಖ ಕೆಂಪೇರಿತು. "ನಾನೇನು ಕಳ್ಳಿ ಏನ್ರೀ? ಕಟ್ರಿ ಅದನ್ನ. ನನ್ನ ಸಂಗಾಟ ನೂರು ಹೆಜ್ಜಿ ಬರ್ರಿ. ಹೊತ್ತು ನಡಿಯೋದು ನಾನು, ಎಣಿಸೋದು ನೀವು."

ಶರ್ವಾಣಿ ಗಟ್ಟಿಯಾಗಿ ನೂರು ಎಣಿಸಿದರು. ನಾನು ತೋರಿಸಿದ್ದು ಹದಿಮೂರು. ತಲೆಯ ಮೇಲೆ ಹತ್ತು ಇಟ್ಟಿಗೆ ಹೊತ್ತವಳು ಸೊಂಟ ಕುಲುಕಿಸುವುದಿಲ್ಲ. ಕುಲುಕಿಸಿದರೆ ಇಟ್ಟಿಗೆ ಪಾದದ ಮೇಲೆ. ಆ ನಾಜೂಕಾದ ನಡಿಗೆಯನ್ನೇ ನಾನು ಸೋಮಾರಿತನವೆಂದು ಸಾಕ್ಷಿ ನುಡಿದಿದ್ದೆ!

ಶರ್ವಾಣಿ ಅವಳಿಗೆ ಎದೆಬಡಿತದ ಪಟ್ಟಿ ಬಿಗಿದರು. ಹೊರೆ ಹೊತ್ತಾಗ ನಿಮಿಷಕ್ಕೆ ನೂರ ನಲವತ್ತು. ಮೇಸ್ತ್ರಿಯದು ಎಂಬತ್ತು.

ಸಾವ್ಕಾರ ನಕ್ಕ. "ಒಂದು ಯಂತ್ರ ಹಂಗಂತೈತಿ, ಇನ್ನೊಂದು ಹಿಂಗಂತೈತಿ. ಅಂದಮ್ಯಾಲೆ ಯಾರಿಗೂ ಊಟ ಬ್ಯಾಡ ಬಿಡ್ರಿ."

ನನ್ನ ಅಜ್ಞಾನ ಅವನಿಗೆ ನೆಪವಾಯಿತಲ್ಲ ಎಂದು ನನ್ನ ಸ್ಪ್ರಿಂಗು ಉರಿಯಿತು. ಕೊಟ್ರವ್ವ ಹೊರೆಯಡಿ ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬಿ ತೆಗೆದು ನೆಲಕ್ಕಿಟ್ಟಳು. ಹನ್ನೊಂದು ಸಿಂಬಿಗಳು ಅದರ ಪಕ್ಕದಲ್ಲಿ ಕುಳಿತವು.

"ಆತು ಸಾವ್ಕಾರ್ರೆ. ಹದಿನೆಂಟು ಸಾವಿರ ನಡೆದಾತ ಐದಾನಲ್ಲ, ಆತನೇ ಲಾರಿ ತುಂಬ್ಲಿ. ಹಿಡಿ ಹಾಲಪ್ಪ ಮಾವ, ಈ ಡಬ್ಬೀನೂ ಕಟ್ಕೋ!"

ಇಟ್ಟಿಗೆಗೆ ಕಾದು ನಿಂತಿದ್ದ ಲಾರಿಯ ಚಾಲಕ ಹಾರನ್ ಒತ್ತಿದ: "ತುಂಬ್ತೀರೋ, ನಾನು ಹೋಗ್ಲೋ?"

ಸಾವ್ಕಾರ ದುರುಗುಟ್ಟಿದ್ದರಿಂದ ಹಾಲಪ್ಪ ಹೊತ್ತ. ತೂರಾಡಿದ ಹದಿನೈದು ಹೆಜ್ಜೆಗೆ ನಾನು ನಲವತ್ತು ಎಣಿಸಿದೆ, ಇಟ್ಟಿಗೆಗಳೆಲ್ಲ ಮಣ್ಣುಪಾಲು.

"ಮಾವ, ಮೊಪೆಡ್ ತರ್ಲೇನು?" ಎಂದಳೊಬ್ಬಳು. ನಗು ಭಟ್ಟಿಯ ಹೊಗೆಗಿಂತ ಮೇಲಕ್ಕೇರಿತು.

ಲಾರಿ ಬರಿದೇ ಹೋದೀತೆಂದು ಸಾವ್ಕಾರ ಅಕ್ಕಿ ತರಿಸಿದ, ಒಂದು ಗಂಟೆಗೆ ಮೂರು ಕಲ್ಲಿನ ಮೇಲೆ ಅನ್ನ ಕುದಿಯುತ್ತಿತ್ತು. ಉಂಡಮೇಲೇ ಲಾರಿ ತುಂಬಿತು. ಶರ್ವಾಣಿ ತಮ್ಮ ವರದಿಯಲ್ಲಿ, ಹೊರೆ ಹೊರುವವರ ವಿಷಯದಲ್ಲಿ ನಾನು ನಂಬತಕ್ಕವನಲ್ಲವೆಂದು ಬರೆದರು. ಅವಮಾನವೆನಿಸಲಿಲ್ಲ, ನನ್ನ ಕುರಿತು ಬರೆದ ಮೊದಲ ಸತ್ಯವದು.

ಆದರೂ ಕೇಳಿರಿ, ಈ ಅನ್ಯಾಯವನ್ನು! ಈಗ ನನ್ನ ಸ್ಪ್ರಿಂಗು ಸಡಿಲವಾಗಿದೆ, ಗಾಜು ಬಿರಿದಿದೆ. ಎದೆಪಟ್ಟಿ ದುಬಾರಿಯೆಂದು ಕಚೇರಿಯವರು ನನ್ನನ್ನೇ ಕರಾವಳಿಗೆ ಕಳುಹಿಸುತ್ತಿದ್ದಾರೆ. ಅಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರಿದ್ದಾರಂತೆ. ಬೇಡವೆಂದು ಕೂಗಲು ನನಗೆ ಬಾಯಿಲ್ಲ. ಹತ್ತಿಯಲ್ಲಿ ಸುತ್ತಿದ್ದಾರೆ, ಮುಚ್ಚಳ ಬೀಳುತ್ತಿದೆ, ಬಸ್ಸು ಹೊರಟಿದೆ. ಆ ತಾಯಂದಿರಲ್ಲಿಯೂ ಸಿಂಬಿ ಕೆಳಗಿಡುವ ಒಬ್ಬಳಿರಲಿ.