ಗೋಡೆ ಪಕ್ಕದ ಸಾಲು

ತೋಟ ದೊಡ್ಡದೇನಲ್ಲ, ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅಷ್ಟೂ ಅವಳ ಕಣ್ಣಿಗೆ ಬೀಳುತ್ತಿತ್ತು. ಇದ್ದದ್ದೆಲ್ಲ ಪಿನೊ ನ್ವಾರ್ ದ್ರಾಕ್ಷಿಯೇ, ಆದರೆ ಸಾಲಿಗೊಂದು ಕ್ಲೋನ್, ಅಂದರೆ ಒಳತಳಿ. ಎಲ್ಲ ಒಂದೇ ವಂಶ, ಕಡ್ಡಿ ನೆಟ್ಟು ಬೆಳೆಸಿದ್ದು, ಆದರೂ ಒಂದೊಂದರ ಗುಣ ಒಂದೊಂದು. ನರ್ಸರಿಯವರು ಕೊಟ್ಟ ನಂಬರುಗಳು ಅವಳ ಗಂಡನಿಗೆ ರುಚಿಸಲಿಲ್ಲ, ಸಾಲುಗಳಿಗೆ ತಾನೇ ಹೆಸರಿಟ್ಟ. ಮೊದಲು ಹಣ್ಣಾಗುವವಳನ್ನು ಅವಸರದವಳು ಎಂದ. ಗೊನೆ ಬಿಗಿಯಾಗಿ, ನಾಲ್ಕು ಹನಿ ಬಿದ್ದರೆ ಕೊಳೆಯುವವಳನ್ನು ಮುನಿಸಿನವಳು ಎಂದ. ಎಲೆ ಹೆಚ್ಚು, ಹಣ್ಣು ಕಡಿಮೆ ಇದ್ದವಳು ಮಾತಿನಮಲ್ಲಿ. ಆ ಹೆಸರು ಹೇಳುವಾಗಲೆಲ್ಲ ಹೆಂಡತಿಯತ್ತ ಓರೆಗಣ್ಣಲ್ಲಿ ನೋಡುತ್ತಿದ್ದ.

ಗೋಡೆ ಪಕ್ಕದ ಸಾಲನ್ನು ಮಾತ್ರ ಯಾವುದೋ ಪಾಳು ತೋಟದಿಂದ ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿ ತಂದು ನೆಟ್ಟಿದ್ದ. ಅದರ ಎಲೆಗಳು ಎಲ್ಲಕ್ಕಿಂತ ಮೊದಲೇ ಕೆಂಪಾಗುತ್ತಿದ್ದವು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ. ಚಳಿಗಾಲದ ಕೊನೆಯಲ್ಲಿ ಅದೇ ಸಾಲನ್ನು ಕತ್ತರಿಯಿಂದ ಸವರುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಆಮೇಲೆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಚಿಗುರು ಬಂದಾಗ ಸೊಸೆಯೇ ಕತ್ತರಿ ಹಿಡಿದಳು. ಗೋಡೆ ಪಕ್ಕದ ಸಾಲಿಗೆ ಬಂದಾಗ, ಅವಳ ಕತ್ತರಿ ಚಕ್ ಎಂದ ಬೆನ್ನಿಗೇ ಎಲೆಗಳಾಚೆ ಇನ್ನೊಂದು ಚಕ್ ಕೇಳಿತು. ಗೋಡೆಗೆ ಬಡಿದು ಮರಳಿದ ಸದ್ದಿರಬೇಕು ಎಂದುಕೊಂಡಳು. ಕತ್ತರಿ ಕೆಳಗಿಟ್ಟು ನಿಂತಳು. ಆಗಲೂ ಕೇಳಿತು. ಮುದುಕಿ ಹೆದರಿಯಾಳು ಎಂದು ಅತ್ತೆಯ ಮುಂದೆ ಬಾಯಿ ಬಿಡಲಿಲ್ಲ.

ಆ ವರ್ಷ ಎಲೆಗಳು ಕೆಂಪಾದಾಗ ನರ್ಸರಿಯವನು ಬಂದು ಒಂದನ್ನು ಮಡಿಸಿ ನೋಡಿದ. ಅಂಚು ಕೆಳಕ್ಕೆ ಸುರುಳಿಗಟ್ಟಿತ್ತು, ನರಗಳು ಮಾತ್ರ ಹಸಿರು. ಇದು ಚೆಲುವಲ್ಲ, ವೈರಸ್ ಎಂದ. ಕಡ್ಡಿಯ ಜೊತೆಗೇ ಬಂದದ್ದು, ಮದ್ದಿಲ್ಲ, ಹಿಟ್ಟಿನಂಥ ಬಿಳಿ ಹುಳು ಅದನ್ನು ಪಕ್ಕದ ಸಾಲಿಗೂ ಹೊತ್ತೊಯ್ಯುತ್ತದೆ, ಬೇರು ಸಮೇತ ಕಿತ್ತು ಸುಡಬೇಕು ಎಂದು ಹೇಳಿ ಹೋದ.

ಅತ್ತೆ ಪಾತ್ರೆ ತೊಳೆಯುತ್ತಲೇ ಕೇಳಿದಳು, "ಕಿತ್ತುಬಿಟ್ರೆ ಅವನೆಲ್ಲಿಗೆ ಹೋಗ್ತಾನೆ?"

ಸೊಸೆ ಹತ್ತಿರ ಬಂದಳು. "ನಿಮಗೂ ಕೇಳ್ಸುತ್ತಾ ಅತ್ತೆ?"

"ನಿನಗಿಂತ ಮೊದ್ಲಿಂದ. ನೀನು ಹೆದರ್ತೀಯ ಅಂತ ಸುಮ್ಮನಿದ್ದೆ."

ಸಾಲು ಉಳಿಯಿತು. ಮರುವರ್ಷ ಪಕ್ಕದ ಅವಸರದವಳ ತುದಿಯ ಬಳ್ಳಿಗಳೂ ಕೆಂಪಾದವು. ಅತ್ತೆ ಕೋಲೂರಿಕೊಂಡು ಹೋಗಿ ಒಂದೊಂದೇ ಎಲೆ ಮುಟ್ಟಿ ನೋಡಿ ಬಂದಳು. "ಬೇರು ಕೀಳೋ ಯಂತ್ರದವನ್ನ ಕರೆಸು. ಬದುಕಿದ್ದಾಗಲೂ ಅವನಿಗೆ ಬೇಡ ಅನ್ನೋಕೆ ನಮ್ಮಿಬ್ಬರಿಗೂ ಬಾಯಿ ಬರ್ಲಿಲ್ಲ."

ಕೆಂಪಾದ ಬಳ್ಳಿಗಳನ್ನೆಲ್ಲ ಕಿತ್ತರು, ಬೇರುಗಳನ್ನು ಸುಟ್ಟರು. ಹೊಗೆ ಮನೆಯೊಳಗೂ ತುಂಬಿ ಹಾಸಿಗೆ ಬಟ್ಟೆಗೆಲ್ಲ ಹತ್ತಿಕೊಂಡಿತು. ಸೊಸೆ ಗೋಡೆ ಪಕ್ಕದ ಖಾಲಿ ನೆಲದ ಪಟ್ಟಿಯಲ್ಲಿ ಕಿವಿಗೊಟ್ಟು ನಿಂತಳು. ಏನೂ ಇಲ್ಲ. ಗಂಡ ಸತ್ತಾಗ ಕಲ್ಲಿನಂತಿದ್ದವಳು ಅವತ್ತು ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತಳು. ಹೊಸ ಸಸಿ ತರಿಸಲೇ ಎಂದು ಕೇಳಿದ್ದಕ್ಕೆ ಅತ್ತೆ ಬೇಡವೆಂದಳು; ಸ್ವಲ್ಪ ಜಾಗ ಹಾಗೇ ಇರಲಿ ಎಂದಳು.

ಕೊಯ್ಲಿಗೆ ಹೊರಗಿನ ಆಳುಗಳು ಬಂದರು. ಇಲ್ಲಿಯ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಖಾಲಿ ಪಟ್ಟಿಯಲ್ಲಿ ನೇರ ನಡೆದರೆ ತುದಿಯಲ್ಲೇ ಗಾಡಿ ಇತ್ತು. ಆದರೂ ಬುಟ್ಟಿ ಹೊತ್ತವರೆಲ್ಲ ಅಂಚು ಹಿಡಿದು ಬಳಸಿ ಹೋಗುತ್ತಿದ್ದರು. ಅವಳು ಒಬ್ಬಾಕೆಯನ್ನು ನಿಲ್ಲಿಸಿ, ನಡುವೆ ಯಾಕೆ ಬರಲಿಲ್ಲ ಎಂದು ಕೇಳಿದಳು.

ಆಕೆ ಹಿಂದಿರುಗಿ ನೋಡಿದಳು. "ಗೊತ್ತಿಲ್ಲಮ್ಮ. ಎದುರಿಂದ ಯಾರೋ ಬರ್ತಿದ್ದಾರೆ ಅನ್ನಿಸ್ತು, ದಾರಿ ಬಿಟ್ಟೆ."