ಉತ್ತರ ಕೆಳಗೇ ಬರೆಯತಕ್ಕದ್ದು

ಅತ್ಯಂತ ಗಂಭೀರವಾದ ವಿಷಯವೊಂದು ೧೯೮೮ರ ಬೇಸಿಗೆಯಲ್ಲಿ ಗಂಗಾವತಿಯಲ್ಲಿ ಇತ್ಯರ್ಥವಾಯಿತು: ಕಂಪ್ಯೂಟರ್ ಸಂಘದ ಸುತ್ತುಫೈಲಿನಲ್ಲಿ ಉತ್ತರ ಬರೆಯುವವರು ಪ್ರಶ್ನೆಯ ಕೆಳಗೇ ಬರೆಯಬೇಕು, ಮೇಲೆ ಖಾಲಿ ಜಾಗ ಕಂಡಿತೆಂದು ಅಲ್ಲಿ ತುರುಕಬಾರದು. ಈ ತೀರ್ಪಿಗಾಗಿ ಹೋರಾಡಿದವನು ನೀರಾವರಿ ಇಲಾಖೆಯ ಗುಮಾಸ್ತ ಪಂಪಣ್ಣ. ಗೆದ್ದ ದಿನ ಅವನು ಎಡದಂಡೆ ಕಾಲುವೆಯ ನೀರನ್ನೇ ಹಂಚಿ ಬಂದವನಂತೆ ಮನೆಗೆ ಬಂದಿದ್ದ.

ಕಂಪ್ಯೂಟರ್ ಸಂಘವೆಂದರೆ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಚದುರಿದ್ದ ಹತ್ತು-ಹನ್ನೆರಡು ಮಂದಿ ಮತ್ತು ಅವರೆಲ್ಲ ಸೇರಿ ಮದ್ರಾಸಿನಿಂದ ತರಿಸಿದ್ದ ಒಂದೇ ಒಂದು ಯಂತ್ರ. ಅದು ಇದ್ದದ್ದು ಪಂಪಣ್ಣನ ಪಡಸಾಲೆಯಲ್ಲಿ, ಅವನದೇ ಟೀವಿಗೆ ಜೋಡಿಸಿಕೊಂಡು. ರವಿವಾರ ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಉಳಿದ ದಿನ ಅವರ ಪ್ರಶ್ನೆ, ಉತ್ತರ, ಜಗಳಗಳೆಲ್ಲ ಒಂದು ರಟ್ಟಿನ ಫೈಲಿನಲ್ಲಿ ಬಸ್ಸು ಹತ್ತಿ ಊರೂರು ತಿರುಗುತ್ತಿದ್ದವು. ಆಫೀಸಿನಲ್ಲಿ ಯಾರೂ ಹೆಸರು ಹಿಡಿದು ಕರೆಯದ ಪಂಪಣ್ಣನಿಗೆ, ರವಿವಾರ ತನ್ನ ಬಾಗಿಲ ಮುಂದೆ ಬೀಳುವ ಚಪ್ಪಲಿಗಳ ರಾಶಿಯೇ ಬಡ್ತಿಯಾಗಿತ್ತು.

ಪ್ರತಿ ಶನಿವಾರ ಪಂಪಣ್ಣನ ಕೈಸೇರುತ್ತಿದ್ದ ಆ ಫೈಲು ಒಂದು ಶನಿವಾರ ಬರಲಿಲ್ಲ. ಪಂಪಣ್ಣ ಬಸ್‌ಸ್ಟ್ಯಾಂಡಿಗೆ ಹೋಗಿ ಕುಷ್ಟಗಿ ಬಸ್ಸಿನ ಕಂಡಕ್ಟರ್ ಮರ್ದಾನಸಾಬನನ್ನು ಹಿಡಿದ.

“ಫೈಲ್ ಎಲ್ಲೈತ್ರಿ ಸಾಬ್ರ?”

“ಬಂದಿತ್ತಲ್ರಿ. ನಿಮ್ಮ ಸಂಘದ ವೆಂಕೋಬಣ್ಣಾರ ಕೈಯಾಗ ಕೊಟ್ನಿ.” ಮರ್ದಾನಸಾಬ ಚೀಲದಲ್ಲಿ ಇಲ್ಲದ ಚಿಲ್ಲರೆ ಹುಡುಕತೊಡಗಿದ. “ಈ ಸಲ ನಿಮ್ಮ ಮನಿ ಬಿಟ್ಟು ಹೋಗ್ಬೇಕಂತ್ರಿ. ಏನೋ ನಿಯಮ ಐತಿ ಅಂದ್ರು. ನನಗೇನ್ ಗೊತ್ತರಿ, ನಂದು ಬರೇ ಹೊರೂದು.”

ಪಂಪಣ್ಣನಿಗೆ ಗೊತ್ತಿತ್ತು. ಯಾವ ಸದಸ್ಯನ ಬಗ್ಗೆ ಚರ್ಚೆ ನಡೆದಿದೆಯೋ ಅವನ ಮನೆಗೆ ಫೈಲು ಹೋಗಬಾರದು, ಓದಿ ನೊಂದುಕೊಂಡಾನು. ಯಲಬುರ್ಗಾದ ಸಣ್ಣಪ್ಪ ಸಂಘದ ಪ್ರೋಗ್ರಾಮುಗಳಿದ್ದ ಕ್ಯಾಸೆಟ್ಟಿನ ಮೇಲೆ ತಂಗಿಯ ಮದುವೆಯ ಸೋಬಾನೆ ತುಂಬಿಸಿಕೊಂಡಾಗ ಈ ನಿಯಮ ಹುಟ್ಟಿತ್ತು. ಹುಟ್ಟಿಸಿದವನು ಪಂಪಣ್ಣನೇ. ಆ ಸಲ ಸಣ್ಣಪ್ಪನಿಗೆ ಒಂದಿಷ್ಟೂ ನೋವಾಗದಂತೆ ಅವನನ್ನು ಎಲ್ಲರೂ ಮನಸಾರೆ ಬೈದಿದ್ದರು.

ರವಿವಾರ ವೆಂಕೋಬ ಬಂದ. ಇಬ್ಬರೂ ಸಾಲೆಯಿಂದ ಗೆಳೆಯರು. ಸಂಘ ಕಟ್ಟಿದವರೂ ಅವರಿಬ್ಬರೇ. ವೆಂಕೋಬನ ಬೆನ್ನ ಹಿಂದೆ ಸಂಘದ ನಾಲ್ಕು ಜನ, ಒಬ್ಬನ ಹೆಗಲ ಮೇಲೆ ಹಳೆಯ ಕಂಬಳಿ. ಹೊರಗೆ ವೆಂಕೋಬನ ಮಾವನ ಅಕ್ಕಿಗಿರಣಿಯ ಟ್ರ್ಯಾಕ್ಟರು ನಿಂತಿತ್ತು.

“ಸಿಟ್ಟಾಗಬ್ಯಾಡಪಾ,” ಎಂದ ವೆಂಕೋಬ. “ನಿನ್ನ ಮನ್ಯಾಗ ಕರೆಂಟ್ ಇರಂಗಿಲ್ಲ. ಗಿರಣ್ಯಾಗ ಜನರೇಟರ್ ಐತಿ. ಮಷಿನ್ ಅಲ್ಲಿದ್ರ ಛಲೋ ಅಂತ ಎಲ್ಲಾರೂ ಬರದಾರ.”

“ನನ್ನ ಒಂದ್ ಮಾತು ಕೇಳಲಿಲ್ಲಲ್ಲೋ.”

“ಹೆಂಗ್ ಕೇಳೂದು? ನಿಯಮ ನೀನ ಮಾಡಿಟ್ಟಿ.”

“ನೀ ಏನ್ ಬರದಿ?”

ವೆಂಕೋಬ ಟೀವಿಯ ಕಡೆ ನೋಡಿದ. “ಮೊದಲ್ನೇದ ನಂದು. ಉಳದವ್ರು ನನ್ನ ಕೆಳಗ ಬರದ್ರು. ಎಲ್ಲಾ ನೀ ಹೇಳಿದಂಗ ಆಗೇತಿ, ಒಬ್ರೂ ಮ್ಯಾಲ ಬರದಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಪಂಪಣ್ಣನ ಹೆಂಡತಿ ಗಾಳೆಮ್ಮ ಕಾಣಿಸಿಕೊಂಡಳು. “ಉಪ್ಪಿಟ್ಟು ಆಗೇತಿ ಅಣ್ಣಾರ. ತಿಂದು ಒಯ್ರಿ. ಇಂಥಾ ಕೆಲಸ ಖಾಲಿ ಹೊಟ್ಟೀಲೆ ಮಾಡಬಾರ್ದು.”

ಅದು ಉಪಚಾರವೋ ಬೈಗುಳವೋ ತಿಳಿಯದೆ ಎಲ್ಲರೂ ಕೂತು ತಿಂದರು. ವೆಂಕೋಬ ಮತ್ತೊಮ್ಮೆ ಹಾಕಿಸಿಕೊಂಡ. ಪಂಪಣ್ಣ ತಟ್ಟೆ ಮುಟ್ಟಲಿಲ್ಲ. ಕಂಬಳಿಯವನು ಯಂತ್ರದ ವೈರುಗಳಿಗೆ ಕೈ ಹಾಕಿದಾಗ ಮಾತ್ರ, “ಹಂಗ ಜಗ್ಗಬ್ಯಾಡೋ, ಹರೀತೈತಿ,” ಎಂದು ಎದ್ದು, ಒಂದೊಂದಾಗಿ ತಾನೇ ಬಿಚ್ಚಿಕೊಟ್ಟ.

ಮುಂದಿನ ರವಿವಾರದಿಂದ ಸಂಘ ಗಿರಣಿಯಲ್ಲಿ ಸೇರಿತು. ಅಲ್ಲಿ ಕರೆಂಟು ಹೋಗುತ್ತಿರಲಿಲ್ಲ.