ಪೂವಪ್ಪನ ಗಾಡಿ ಹತ್ತಿದ ಏರು

ಎಂಜಿನ್ ಗರ್ಜಿಸಿತು, ಗಾಡಿ ಅಲ್ಲೇ ನಿಂತಿತು. ಕಾಂತಪ್ಪ ಹ್ಯಾಂಡಲನ್ನು ಇನ್ನಷ್ಟು ತಿರುವಿದ. ಹೊಗೆ ಬಂತು, ಸದ್ದು ಬಂತು, ಸುತ್ತ ನಿಂತವರು ಹಿಂದೆ ಸರಿದರು. ನಾಲ್ಕು ದಪ್ಪ ಚಕ್ರಗಳು ಮಾತ್ರ ಏರಿನ ಬುಡದಲ್ಲಿ ಮೊಂಡು ಹಿಡಿದು ಕೂತಿದ್ದವು. ಗಾಡಿಯ ಹಿಂದೆ ಸಿಕ್ಕಿಸಿದ ನೀರಿನ ಟ್ರಾಲಿಯಲ್ಲಿ, ಬಿದಿರಿನ ಚಟ್ಟದ ಮೇಲೆ, ಚೆಂಡುಹೂವಿನ ಮಾಲೆ ಹಾಕಿಕೊಂಡು ಪೂವಪ್ಪ ಮಲಗಿದ್ದ. ಬದುಕಿದ್ದಿದ್ದರೆ ಇಷ್ಟು ಹೊತ್ತಿಗೆ ಎದ್ದು ಕಾಂತಪ್ಪನ ಬೆನ್ನಿಗೆ ಎರಡು ಬಿಗಿಯುತ್ತಿದ್ದ.

ದಹಿಸರಿನ ಆ ಹಳೇ ಕಲ್ಲುಕ್ವಾರಿಯ ತಳದಲ್ಲೇ ಪೂವಪ್ಪನ ಹೋಟೆಲು, ಅದರ ಹಿಂದೆ ಮನೆ, ಸುತ್ತ ಕಲ್ಲು ಒಡೆಯುವವರ ಜೋಪಡಿಗಳು. ರಸ್ತೆ ಸೇರಲು ಇದ್ದದ್ದು ಒಂದೇ ಕೆಮ್ಮಣ್ಣಿನ ಏರು. ತೊಂಬತ್ತೊಂದರ ಜುಲೈ ಮಳೆ ಅದನ್ನು ನೆನೆದ ಸಾಬೂನು ಮಾಡಿಟ್ಟಿತ್ತು. ಬೆಳಿಗ್ಗೆ ಹೆಗಲು ಕೊಟ್ಟ ನಾಲ್ವರೂ ಅರ್ಧ ಹತ್ತಿ, ಜಾರಿ, ಚಟ್ಟದ ಸಮೇತ ಕೆಳಗೆ ಬಂದಿದ್ದರು. ಪೂವಪ್ಪ ಕೆಸರಿಗೆ ಬೀಳಲಿಲ್ಲ ಅನ್ನುವುದೇ ಪುಣ್ಯ.

"ಇದು ಆಗುವ ಹಾಗೆ ಕಾಣುವುದಿಲ್ಲ ಅತ್ತೆ," ಎಂದು ಕಾಂತಪ್ಪ ಇಳಿದ. ಅವನು ಪೂವಪ್ಪನ ಅಕ್ಕನ ಮಗ. ವಿಲೆ ಪಾರ್ಲೆಯಲ್ಲಿ ಸ್ವಂತ ಹೋಟೆಲು, ಸ್ವಂತ ಫಿಯೆಟ್. ಮಕ್ಕಳಿಲ್ಲದ ಮಾವನಿಗೆ ಬೆಂಕಿ ಕೊಡಬೇಕಾದವನು ಅವನೇ. "ಮೇಲೆ ಕ್ರೇನ್ ಉಂಟಲ್ಲ, ಹಗ್ಗ ಕಟ್ಟಿ ಎಳೆಸುವ. ಹತ್ತು ಮಿನಿಟಿನ ಕೆಲಸ."

ಅಷ್ಟು ಹೊತ್ತೂ ಟ್ರಾಲಿಯ ಅಂಚು ಹಿಡಿದು ನಿಂತಿದ್ದ ಪೂವಪ್ಪನ ಹೆಂಡತಿ ಶೀಲಾವತಿ ತಲೆ ಎತ್ತಿದಳು.

"ಹಗ್ಗ ಕಟ್ಟಿ ಎಳೆಯಲಿಕ್ಕೆ ಅವರೆಂತ ಕಲ್ಲಾ? ಈ ಏರಿನಲ್ಲಿ ಊರನ್ನೇ ಹತ್ತಿಸಿದವರು ಅವರು. ಹತ್ತುವುದಾದರೆ ಅವರ ಗಾಡಿಯಲ್ಲೇ ಹತ್ತಬೇಕು."

"ಖರೇ ಮಾತ್ರಿ ಅಕ್ಕಾರ," ಎಂದಳು ಕಲ್ಲು ಒಡೆಯುವ ಬಸಲಿಂಗವ್ವ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ನನ್ನ ಎರಡೂ ಹೆರಿಗಿಗೆ ದವಾಖಾನಿಗೆ ಒಯ್ದದ್ದು ಇದ ಗಾಡಿ. ಹಗ್ಗದ ಮಾತು ಆಡಬ್ಯಾಡ್ರಿ."

* * *

ಎಂಬತ್ತೈದರಲ್ಲಿ ಯಾರೋ ಸಿನಿಮಾದವರು ಕ್ವಾರಿಯಲ್ಲಿ ಹೊಡೆದಾಟದ ಶೂಟಿಂಗ್ ಮಾಡಿ, ಆ ಜಪಾನಿ ಗಾಡಿಯನ್ನು ಬಂಡೆಗೆ ಗುದ್ದಿಸಿ, ಇನ್ನಿದು ಬೇಡವೆಂದು ಪೂವಪ್ಪನ ಹಿತ್ತಿಲಲ್ಲೇ ಬಿಟ್ಟುಹೋಗಿದ್ದರು. ಬೈಕಿನ ಹ್ಯಾಂಡಲು, ಬೈಕಿನ ಸೀಟು, ಚಕ್ರ ಮಾತ್ರ ನಾಲ್ಕು. ದುಡ್ಡಿದ್ದವರು ಮರಳಿನಲ್ಲಿ ಹಾರಿಸಿ ಮಜಾ ಮಾಡಲೆಂದು ಹುಟ್ಟಿದ ಅದರ ಮೇಲೆ ಪೂವಪ್ಪ ಅಕ್ಕಿಮೂಟೆ, ನೀರಿನ ಡ್ರಮ್ಮು, ಜ್ವರದ ಮಕ್ಕಳನ್ನು ಹೇರಿದ. ತನ್ನ ತಲೆಗೆ ಎಣ್ಣೆ ಹಚ್ಚಲು ಮರೆಯುತ್ತಿದ್ದವನು ಗಾಡಿಯ ಎಣ್ಣೆ ಬದಲಿಸಲು ಮರೆತವನಲ್ಲ. ಏರ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು ಶೀಲಾವತಿಯ ಸೀರೆಯ ಪಕ್ಕದಲ್ಲೇ ಒಣಹಾಕುತ್ತಿದ್ದ. ಆ ಜಗಳ ಏಳು ಕೇರಿಗೆ ಕೇಳುತ್ತಿತ್ತು.

ಒಮ್ಮೆ ಪೂವಪ್ಪನಿಗೂ ಜಂಬ ಹತ್ತಿತ್ತು. ಕಾರಿಗೆ ಹಾಕುವ ದುಬಾರಿ ಎಣ್ಣೆ ತಂದು ಸುರಿದ. ಮರುದಿನವೇ ಬಸಲಿಂಗವ್ವನ ಗಂಡ, ಕಾಲು ಮುರಿದ ಪರಪ್ಪನನ್ನು ಕೂರಿಸಿಕೊಂಡು ಹೊರಟರೆ ಗಾಡಿ ನಡು ಏರಿನಲ್ಲಿ ಬರೀ ಅರಚಿತು. ಪೂವಪ್ಪ ಅವನನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿದ. ಆಸ್ಪತ್ರೆಗೆ ಮುಟ್ಟಿಸಿ ಬಂದವನೇ ಗಾಡಿಯ ಕೆಳಗೆ ಮಲಗಿದ.

"ಒಳ್ಳೆ ಎಣ್ಣೆ ಅಂತ ಕುಣಿದಿರಲ್ಲ?" ಎಂದಳು ಶೀಲಾವತಿ.

"ಒಳ್ಳೆಯದು ಹೆಚ್ಚಾಯ್ತು ಮಾರಾಯ್ತಿ. ಕಾರಿನ ಕ್ಲಚ್ಚು ಬೇರೆಯೇ ಕೂತು ಒಣಗಿಕೊಂಡಿರ್ತದೆ. ಇದರದ್ದು ಎಂಜಿನಿನ ಜೊತೆ ಒಂದೇ ಎಣ್ಣೆಯಲ್ಲಿ ಮೀಯುವುದು. ಇಷ್ಟು ನುಣುಪು ಮಾಡಿದರೆ ಪ್ಲೇಟು ಒಂದನ್ನೊಂದು ಹಿಡಿಯುವುದು ಹೇಗೆ? ಇದಕ್ಕೆ ಲಾರಿಯವರ ಎಣ್ಣೆಯೇ ಸಾಕು. ಆ ಆಲಿಕೆ ಹಿಡಿ."

ಅವಳು ಆಲಿಕೆ ಹಿಡಿದಳು. ಹಿಡಿದು ಹಿಡಿದು ಕೊನೆಗೆ ಹ್ಯಾಂಡಲನ್ನೂ ಹಿಡಿದಳು. ಮೊದಲ ದಿನ ಹೋಟೆಲಿನ ಬೆಂಚು ಮುರಿದಳು. ಪೂವಪ್ಪ ಬಿದ್ದು ಬಿದ್ದು ನಕ್ಕ. ಅವನ ಎದೆನೋವು ಶುರುವಾದ ಮೇಲೆ ದಿನಾ ನೀರು ತಂದವಳು ಅವಳೇ.

* * *

"ಕಾಂತಪ್ಪ, ಇದರ ಎಣ್ಣೆ ಯಾರಾದರೂ ಮುಟ್ಟಿದ್ದಾರಾ?"

ಕಾಂತಪ್ಪನ ಮುಖ ಅರಳಿತು. "ನಾನೇ ಅತ್ತೆ! ಮಾವ ಆಸ್ಪತ್ರೆಯಿಂದ ಬಂದು ನೋಡಿ ಖುಷಿಪಡಲಿ ಅಂತ ಮೊನ್ನೆ ಬದಲಿಸಿದೆ. ದುಬೈ ಮಾಲು, ಏಕ್‌ದಮ್ ಫಸ್ಟ್ ಕ್ಲಾಸ್. ನನ್ನ ಫಿಯೆಟ್‌ಗೂ ಅದೇ..."

ಶೀಲಾವತಿಗೆ ನಗು ಬಂತು. ಗಂಡನ ಹೆಣ ಎದುರಿಗಿಟ್ಟುಕೊಂಡು ಅವಳು ನಕ್ಕಳು, ನಗುತ್ತಲೇ ಅತ್ತಳು. "ಅಯ್ಯೋ ಮಗಾ, ನೀನು ಥೇಟ್ ನಿನ್ನ ಮಾವನೇ," ಎಂದು ಅವನ ಗಲ್ಲ ಸವರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಿರುಪು ಬಿಚ್ಚುವ ಪಾನಾ ತರಲು ಒಳಗೆ ಹೋದಳು.

ಆ ಮಾಲೆಲ್ಲ ಹರಿದುಹೋಗಲಿ ಎಂದು ಎಂಜಿನಿನ ಕೆಳಗಿನ ತಿರುಪು ಬಿಚ್ಚಿದಳು. ದುಬೈ ಎಣ್ಣೆ ಹೊಳೆಯುತ್ತಾ ಇಡ್ಲಿ ಹಿಟ್ಟಿನ ಹಳೇ ಪಾತ್ರೆಗೆ ಇಳಿಯಿತು. ಲಾರಿ ಎಣ್ಣೆ ಸುರಿದು, ಎಂಜಿನ್ ಓಡಿಸಿ, ಗೇರು ಹಾಕಿ ಬಿಟ್ಟು, ಅದನ್ನೂ ಹರಿಯಬಿಟ್ಟು, ಮತ್ತೆ ಹೊಸದಾಗಿ ಸುರಿದಳು. ಪ್ಲೇಟಿಗೆ ಅಂಟಿದ ನುಣುಪು ಬಿಡಬೇಕಲ್ಲ. ಊರಿನ ಕಡೆಯ ಹಿರಿಯರೊಬ್ಬರು ಗಡಿಯಾರ ನೋಡಿ ಗೊಣಗಿದರು, "ಹೆಣ ಕಾಯಿಸಿ ಎಣ್ಣೆ ಬದಲಿಸುವುದು ಯಾವ ಕ್ರಮ?"

"ಕಾಯಲಿ ಬಿಡ್ರಿ," ಎಂದಳು ಬಸಲಿಂಗವ್ವ. "ಅಣ್ಣಾರಿಗೆ ಇದಕ್ಕಿಂತ ಚಂದ ಪೂಜಿ ಯಾವುದೈತಿ?"

ಶೀಲಾವತಿ ಸೀಟಿನ ಮೇಲೆ ಕೂತಳು.

"ಅತ್ತೆ, ಹೆಂಗಸರು ಸ್ಮಶಾನಕ್ಕೆ..."

"ಸ್ಮಶಾನ ಆಮೇಲೆ. ಈಗ ಏರು."

ಒಂದನೇ ಗೇರು. ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಗಾಡಿ ಒಂದಿಷ್ಟು ಜಾರಿತು, ಮುಗ್ಗರಿಸಿತು. ಯಾರೋ ತಳ್ಳಲು ಬಂದರೆ, "ಮುಟ್ಟಬೇಡಿ!" ಎಂದು ಕೂಗಿದಳು. ಆಮೇಲೆ ಒಳಗೆಲ್ಲೋ ಗಟ್ಟಿಯಾಗಿ ಹಿಡಿಯಿತು. ಹಿಡಿದದ್ದು ಅವಳ ಅಂಗೈಗೆ ಗೊತ್ತಾಯಿತು. ದಪ್ಪ ಚಕ್ರಗಳು ಕೆಸರು ಕಚ್ಚಿ ಏರಿಗೆ ಮುಖ ಕೊಟ್ಟವು. ನಡು ಏರು ದಾಟುವಾಗ ಪರಪ್ಪ ಕುಂಟುತ್ತಾ ಶಿಳ್ಳೆ ಹೊಡೆದ. ಸಾವಿನ ಮನೆಯೆಂಬುದನ್ನು ಮರೆತು ಇಡೀ ಕ್ವಾರಿ ಹೋ ಎಂದಿತು. ಟ್ರಾಲಿ ಕುಲುಕಿದಾಗೆಲ್ಲ ಪೂವಪ್ಪನ ತಲೆ ಸಣ್ಣಗೆ ಆಡುತ್ತಿತ್ತು, ಸರಿ ಸರಿ ಎನ್ನುವ ಹಾಗೆ.

ಬೆಂಕಿಯ ಮಡಕೆ ಹಿಡಿದು ಅಂಚಿನಲ್ಲಿ ಹತ್ತಿ ಬಂದ ಕಾಂತಪ್ಪ ರಸ್ತೆಯ ತಲೆಯಲ್ಲಿ ಏದುಸಿರು ಬಿಡುತ್ತಾ ನಿಂತ. "ಸಾಕು ಅತ್ತೆ, ಇಳಿಯಿರಿ, ಇನ್ನು ಹೆಗಲ ಮೇಲೆ..."

ಶೀಲಾವತಿ ಇಳಿಯಲಿಲ್ಲ. ಕಣ್ಣೀರು ಕೆನ್ನೆಯಲ್ಲೇ ಇತ್ತು, ಬೆನ್ನು ನೆಟ್ಟಗಿತ್ತು. ಎಡಗಾಲಿನಿಂದ ಗೇರು ಎತ್ತಿ ಎರಡಕ್ಕೆ ಹಾಕಿದಳು. ಬೆಂಕಿ ಹೆಣದ ಮುಂದೆಯೇ ಹೋಗಬೇಕು, ಅದು ಕ್ರಮ. ವಿಲೆ ಪಾರ್ಲೆಯ ಹೋಟೆಲ್ ಮಾಲೀಕ ಕಾಂತಪ್ಪ ಪಂಚೆ ಎತ್ತಿ ಕಟ್ಟಿ, ಮಡಕೆಯನ್ನು ಎದೆಗವಚಿ, ದಹಿಸರಿನ ರಸ್ತೆಯಲ್ಲಿ ಗಾಡಿಯ ಮುಂದೆ ಓಡತೊಡಗಿದ.